ನನ್ನ ಹೆಸರಿನ ಮಾರುತಿ

ನಮ್ಮ ಕಡೆ ಯಾರೂ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಎನ್ನುವುದಿಲ್ಲ. ‘ನೋಡುವ’ ಎನ್ನುತ್ತಾರೆ. ಏಣಿ ಕೇಳಿದರೆ ನೋಡುವ, ಬೀಜದ ಭತ್ತ ಕೇಳಿದರೆ ನೋಡುವ, ಮಗಳನ್ನು ಕೇಳಿದರೂ ನೋಡುವ. ಕೇಳಿದವನು ಸುಮ್ಮನಾಗುವವರೆಗೆ ನೋಡುತ್ತಲೇ ಇರುತ್ತಾರೆ. ಇಲ್ಲ ಅಂದ ಪಾಪವೂ ಇಲ್ಲ, ಹೌದು ಅಂದ ಕಷ್ಟವೂ ಇಲ್ಲ. ನನ್ನ ಅಣ್ಣ ಗಜಾನನ ಈ ವಿದ್ಯೆಯಲ್ಲಿ ಪಂಡಿತ. ಈ ಒಂದೇ ಮಾತಿನಿಂದ ಅವನು ನನ್ನ ಮದುವೆಯನ್ನು ಮಣ್ಣುಪಾಲು ಮಾಡಿದ. ಅದನ್ನು ಅವನಿಗೆ ಹೇಗೆ ತಿರುಗಿಸಿ ಕೊಟ್ಟೆ ಎಂದು ಹೇಳುತ್ತೇನೆ. ನಯವಾಗಿ ಹೇಳುವ ಅಭ್ಯಾಸ ನನಗಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ನಾನು ವೆಂಕಮ್ಮ. ಅಜ್ಜಿಯ ಹೆಸರು ಇಟ್ಟರು, ಅಜ್ಜಿಯ ಅಡುಗೆಮನೆಯನ್ನೂ ಕೊಟ್ಟರು. ಐವತ್ತು ದಾಟಿದ ಮೇಲೂ ಅಣ್ಣ ನನ್ನನ್ನು ‘ಕೂಸೇ’ ಎಂದೇ ಕರೆಯುವುದು. ಪ್ರೀತಿಯಿಂದ ಅಂತ ಊರಿನವರು ತಿಳಿದಿದ್ದಾರೆ. ಕೂಸಿಗೆ ಯಾರೂ ಏನನ್ನೂ ಕೇಳಬೇಕಾಗಿಲ್ಲವಲ್ಲ, ಅದಕ್ಕೆ.

ಈ ಕತೆಯ ಮೂಲ ಒಂದು ಬಿಳಿ ಮಾರುತಿ ಕಾರು. ಅಪ್ಪ ಇದ್ದ ಕಾಲದಲ್ಲಿ ಕೊಂಡದ್ದು. ಕೊಳ್ಳುವ ಮೊದಲು ಅಪ್ಪ ಮನೆಯವರೆಲ್ಲರ ಜಾತಕ ಕಟ್ಟಿಕೊಂಡು ಶೃಂಗೇರಿ ಕಡೆಯ ಒಬ್ಬ ಜೋಯಿಸರ ಹತ್ತಿರ ಹೋಗಿದ್ದರು. ಜೋಯಿಸರು ಕವಡೆ ಸರಿಸಿ, ಬೆರಳು ಮಡಚಿ, ಅಪ್ಪನಿಗೂ ಅಣ್ಣನಿಗೂ ವಾಹನಸ್ಥಾನದಲ್ಲಿ ಶನಿ ಕೂತಿದ್ದಾನೆ, ಗಂಡಸರ ಹೆಸರಿನಲ್ಲಿ ಗಾಡಿ ಮಾಡಿದರೆ ಅದೇ ಗಾಡಿಯಲ್ಲಿ ಅಪಮೃತ್ಯು ಎಂದುಬಿಟ್ಟರು. ‘ಕೂಸಿನ ಜಾತಕದಲ್ಲಿ ವಾಹನಯೋಗ ಭೇಷಾಗಿದೆ, ಅವಳ ಹೆಸರಿಗೆ ಮಾಡಿ’ ಎಂದರಂತೆ. ಹಾಗೆ ಇಪ್ಪತ್ತರ ಹರೆಯದಲ್ಲಿ ನಾನು ಕಾರಿನ ಓನರ್ ಆದೆ. ಆ ಮನೆಯಲ್ಲಿ ನನ್ನ ಹೆಸರಿನಲ್ಲಿ ಇದ್ದದ್ದು ಅದೊಂದೇ ವಸ್ತು. ಓನರ್ ಅಂದರೆ ಏನು? ಹಬ್ಬದ ದಿನ ತೊಳೆಯುವವಳು ನಾನು, ಅರಿಸಿನ ಕುಂಕುಮ ಹಚ್ಚುವವಳು ನಾನು, ಹೊರಟಾಗ ಹಿಂದಿನ ಸೀಟಿನ ಮೂಲೆಯಲ್ಲಿ ಬುತ್ತಿಚೀಲ ಹಿಡಿದು ಕೂರುವವಳೂ ನಾನು. ಸ್ಟೇರಿಂಗ್ ಮುಟ್ಟಿದರೆ ಅಣ್ಣ ‘ಏ, ಏ!’ ಎನ್ನುತ್ತಿದ್ದ, ನಾಯಿಯನ್ನು ಗದರಿದ ಹಾಗೆ.

ಅಪ್ಪ ತೀರಿಕೊಂಡ ಮೇಲೆ ಎನ್.ಆರ್.ಪುರದ ಒಂದು ಸಂಬಂಧ ಬಂತು. ಹುಡುಗ ಯಜ್ಞೇಶ, ಪೇಟೆಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ. ತಾಯಿಯ ಜೊತೆ ಬಂದ, ನಾನು ಮಾಡಿದ ಹಾಲುಬಾಯಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದ, ಹೊರಡುವಾಗ ನನ್ನನ್ನೇ ನೋಡಿ, ‘ನಿಮಗೆ ಒಪ್ಪಿಗೆ ಉಂಟಾ?’ ಎಂದು ಕೇಳಿದ. ನನ್ನನ್ನು! ಹುಟ್ಟಿದಂದಿನಿಂದ ನನ್ನನ್ನು ಒಂದು ಪ್ರಶ್ನೆ ಕೇಳಿದ ಮೊದಲ ಗಂಡಸು. ಹೌದು ಎಂದು ತಲೆ ಆಡಿಸಿದೆ. ಅವನ ತಾಯಿ ಅಣ್ಣನ ಕಡೆ ತಿರುಗಿ ಉತ್ತರ ಕೇಳಿದರು. ಅಣ್ಣ ಎಲೆ ಅಡಿಕೆ ಜಗಿಯುತ್ತಾ, ‘ನೋಡುವ’ ಎಂದ.

ಆಗ ಅತ್ತಿಗೆಗೆ ಎರಡು ಚಿಕ್ಕ ಮಕ್ಕಳು. ಅಮ್ಮನಿಗೆ ಮಂಡಿನೋವು, ಎದ್ದು ಓಡಾಡುವುದೇ ಕಷ್ಟ. ನಾನು ಹೋದರೆ ಒಲೆಯ ಮುಂದೆ ಯಾರು? ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಂಬಂಧ ತಂದ ಸುಬ್ಬಯ್ಯನವರು ಮತ್ತೆ ಬಂದರು, ನೋಡುವ. ಇನ್ನೊಮ್ಮೆ ಬಂದರು, ನೋಡುವ ಸುಬ್ಬಯ್ಯ, ಎಂತ ಅವಸರ. ನಾನೇ ಒಂದು ದಿನ ನಾಚಿಕೆ ಬಿಟ್ಟು ಜಗಲಿಗೆ ಬಂದು, ‘ಅಣ್ಣ, ಹೌದೋ ಅಲ್ಲವೋ ಒಂದು ಹೇಳಿಬಿಡು ಅವರಿಗೆ’ ಎಂದೆ. ‘ನೋಡುವ ಕೂಸೇ, ನೀ ಒಳಗೆ ಹೋಗು’ ಎಂದ.

ಆಮೇಲೆ ಒಂದು ದಿನ ಅಣ್ಣ, ‘ಗುರುತಿನವರ ಮದುವೆ ಉಂಟು, ಗಾಡಿ ತೊಳೆದಿಡು’ ಎಂದ. ತೊಳೆದೆ. ಗಾಜನ್ನು ಹಳೆಯ ಪೇಪರಿನಿಂದ ತಿಕ್ಕಿ ತಿಕ್ಕಿ ಹೊಳಪು ಮಾಡಿದೆ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ ಹೋದ, ಮಧ್ಯಾಹ್ನ ಉಂಡು ಬಂದ, ತಾಂಬೂಲದ ಕಾಯನ್ನು ನನ್ನ ಕೈಯಲ್ಲಿಟ್ಟ. ‘ಎನ್.ಆರ್.ಪುರದ ಯಜ್ಞೇಶನ ಮದುವೆ. ಹೋಳಿಗೆ ಲಾಯ್ಕಿತ್ತು. ಈ ಕಾಯಿ ಇಟ್ಕೊ, ನಾಳೆ ಚಟ್ನಿಗೆ ಆಗ್ತದೆ’ ಎಂದ.

ಮರುದಿನ ಬೆಳಿಗ್ಗೆ ಆ ಕಾಯನ್ನು ನಾನೇ ಒಡೆದು, ತುರಿದು, ಹಸಿಮೆಣಸು ಹಾಕಿ ಅರೆದೆ. ಎಲ್ಲರೂ ದೋಸೆಗೆ ಹಚ್ಚಿಕೊಂಡು ತಿಂದರು. ಅಣ್ಣ ಇನ್ನೊಂದು ಚಮಚ ಹಾಕಿಸಿಕೊಂಡ. ನನ್ನ ಮದುವೆಯನ್ನು ನನ್ನ ಕೈಯಲ್ಲೇ ರುಬ್ಬಿಸಿ ತಿಂದ ಮನೆ ಅದು. ಅಂದಿನಿಂದ ನನ್ನ ಹೊಟ್ಟೆಯಲ್ಲಿ ಒಂದು ಕೆಂಡ ಇದೆ. ಅದು ಆರಲಿ ಎಂದು ನಾನು ಯಾವ ದೇವರಿಗೂ ಹರಕೆ ಹೊತ್ತಿಲ್ಲ.

ಅಮ್ಮ ಹೋದರು. ಅತ್ತಿಗೆಯ ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದರು. ಮಾರುತಿ ಒಂದು ದಿನ ಅಣ್ಣ ಓಡಿಸಿಕೊಂಡು ಹೊರಟಾಗ ಅಂಗಳದ ಬಾಯಲ್ಲೇ ಕೆಮ್ಮಿ ನಿಂತಿತು. ಅವನು ಇಳಿದ, ಬಾಗಿಲು ಹಾಕಿದ, ಅತ್ತಿಗೆಯ ಹೆಸರಿನಲ್ಲಿ ಹೊಸ ಕಾರು ತಂದ. ಹಳೆಯದನ್ನು ಬದಿಗೆ ತಳ್ಳುವಷ್ಟೂ ಅವನಿಗೆ ಪುರುಸೊತ್ತಾಗಲಿಲ್ಲ. ಟಯರು ಗಾಳಿ ಕಳೆದುಕೊಂಡವು, ಬೆಕ್ಕು ಹಿಂದಿನ ಸೀಟಿನಲ್ಲಿ ಮರಿ ಹಾಕಿತು, ಬಿಸಿಲು ಬಿದ್ದ ದಿನ ಬಾನೆಟ್ಟಿನ ಮೇಲೆ ನಾನು ಹಪ್ಪಳ ಒಣಗಿಸಿದೆ. ಹಾಗೇ ವರ್ಷಗಳು ಕಳೆದವು.

ಹೋದ ವರ್ಷ ಅಣ್ಣನಿಗೆ ಹೋಮ್‌ಸ್ಟೇ ಹುಚ್ಚು ಹಿಡಿಯಿತು. ಶೃಂಗೇರಿಗೆ ಹೋಗುವವರು, ಹೊರನಾಡಿಗೆ ಹೋಗುವವರು ಎಲ್ಲರೂ ಮನೆ ಊಟ ಹುಡುಕುತ್ತಾರೆ, ನಮ್ಮದು ಮೇಗುಂದದ ರಸ್ತೆಗೆ ಹೊಂದಿಕೊಂಡ ಮನೆ, ದೇವರೇ ಕೊಟ್ಟ ಜಾಗ ಎಂದ. ಮಹಡಿಗೆ ಹೊಸ ಕೋಣೆ, ಕೋಣೆಗೆ ಬಚ್ಚಲು, ಬಚ್ಚಲಿಗೆ ಬಿಸಿನೀರಿನ ಯಂತ್ರ. ಒಂದು ದಿನ ಕೊಪ್ಪದಿಂದ ಬೋರ್ಡು ಬರೆಸಿಕೊಂಡು ಬಂದ. ನೋಡುತ್ತೇನೆ, ದೊಡ್ಡ ಅಕ್ಷರದಲ್ಲಿ ‘ವೆಂಕತ್ತೆ ಹೋಮ್‌ಸ್ಟೇ’! ಕೆಳಗೆ ‘ಸೋದರತ್ತೆಯ ಕೈರುಚಿ’ ಎಂದು ಬೇರೆ. ಪಕ್ಕದಲ್ಲಿ ನಾನು ಸೌಟು ಹಿಡಿದು ನಿಂತ ಫೋಟೋ, ಯಾವಾಗಲೋ ನನಗೆ ತಿಳಿಯದೆ ಮೊಬೈಲಿನಲ್ಲಿ ತೆಗೆದದ್ದು.

‘ನನ್ನ ಹೆಸರು ಹಾಕುವಾಗ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?’ ಎಂದೆ.

‘ನಿಂಗೆ ಎಂತ ಕೇಳದು? ಮನೆಯವಳಲ್ವಾ ನೀನು!’ ಎಂದು ಅಣ್ಣ ನಕ್ಕ. ಅತ್ತಿಗೆಯೂ ನಕ್ಕಳು. ಗಾಡಿಗೂ ನನ್ನ ಹೆಸರು, ಹೋಮ್‌ಸ್ಟೇಗೂ ನನ್ನ ಹೆಸರು. ಕೊನೆಗೆ ಒಲೆಗೆ ಕಟ್ಟಿಗೆ ಒಟ್ಟುವುದು ಮಾತ್ರ ನಾನು.

ಆದರೆ ಹೋಮ್‌ಸ್ಟೇಗೆ ಒಂದು ಅಡ್ಡಿ ಇತ್ತು. ರಸ್ತೆಯಿಂದ ನಮ್ಮ ಅಂಗಳಕ್ಕೆ ಏರಿ ಬರುವುದು ಒಂದೇ ಓಣಿ. ಒಂದು ಬದಿ ಕಡಿದಾದ ಮಣ್ಣಿನ ಧರೆ, ಇನ್ನೊಂದು ಬದಿ ಚರಂಡಿ. ಆ ಓಣಿಯ ತುದಿಯಲ್ಲಿ, ಅಂಗಳದ ಬಾಯಲ್ಲಿ, ನನ್ನ ಮಾರುತಿ ಕೂತಿತ್ತು. ಅಣ್ಣನಾದರೆ ತನ್ನ ಕಾರನ್ನು ಕೆಳಗೆ ರಸ್ತೆಯಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದ. ದುಡ್ಡು ಕೊಟ್ಟು ಬರುವ ಗೆಸ್ಟುಗಳು ಪೆಟ್ಟಿಗೆ ಹೊತ್ತುಕೊಂಡು ಏರು ಹತ್ತುತ್ತಾರೆಯೇ?

‘ಕೂಸೇ, ಶನಿವಾರ ಜಯಪುರದಿಂದ ಗುಜರಿಯವ ಬರ್ತಾನೆ. ಆ ಡಬ್ಬಾ ತಗೊಂಡು ಹೋಗ್ತಾನೆ. ಗಾಡಿ ನಿನ್ನ ಹೆಸರಲ್ಲಿ ಉಂಟಲ್ಲ, ಒಂದು ಸಹಿ ಹಾಕಿಬಿಡು,’ ಎಂದ ಅಣ್ಣ.

ನನ್ನ ಕೈ ದೋಸೆ ಹಿಟ್ಟಿನಲ್ಲಿತ್ತು. ಆ ಮಾತು ನನ್ನ ಬಾಯಿಗೆ ಬಂದದ್ದು ಹೇಗೆಂದು ನನಗೇ ಗೊತ್ತಿಲ್ಲ.

‘ನೋಡುವ,’ ಎಂದೆ.

ಅಣ್ಣ ಹೂಂ ಎಂದು ಹೋದ. ಅವನಿಗೆ ಹೊಳೆಯಲೇ ಇಲ್ಲ. ಕೂಸು ಅಂದ ಮೇಲೆ ಸಹಿ ಹಾಕಿಯೇ ಹಾಕುತ್ತದೆ! ಶನಿವಾರ ಗುಜರಿಯವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಟಯರಿಗೆ ಒದ್ದು, ‘ಓನರ್ ಯಾರು?’ ಎಂದ. ಅಣ್ಣ ನನ್ನತ್ತ ಕೈ ತೋರಿಸಿದ. ನಾನು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದು ‘ನೋಡುವ’ ಎಂದೆ. ಗುಜರಿಯವನೂ ನಮ್ಮ ಕಡೆಯವನೇ. ಅವನಿಗೆ ತಕ್ಷಣ ಅರ್ಥವಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಅಯ್ಯೋ, ಆ ದಿನದ ಸುಖ! ಪಾಯಸ ಉಂಡರೂ ಅಷ್ಟು ಸಿಹಿಯಾಗುವುದಿಲ್ಲ. ಅಣ್ಣ ಸಿಟ್ಟು ಮಾಡಿದ, ಆಮೇಲೆ ಬೆಣ್ಣೆ ಹಚ್ಚಿದ, ಆಮೇಲೆ ಅತ್ತಿಗೆಯನ್ನು ಕಳಿಸಿದ. ‘ಗುಜರಿಗೆ ಬೇಡವಾದರೆ ರಿಪೇರಿಯಾದರೂ ಮಾಡಿಸು ಮಾರಾಯ್ತಿ, ಬದಿಗಾದರೂ ಹೋಗಲಿ’ ಎಂದಳು ಅತ್ತಿಗೆ. ಅದಕ್ಕೂ ನೋಡುವ. ‘ಒಂದು ದಿನ ಆಳುಗಳನ್ನು ಕರೆದು ಎತ್ತಿಸಿ ಚರಂಡಿಗೆ ಹಾಕ್ತೇನೆ’ ಎಂದು ಅಣ್ಣ ಕೂಗಾಡಿದಾಗ, ‘ನನ್ನ ಹೆಸರಿನ ಗಾಡಿ ಮುಟ್ಟಿ ನೋಡು, ಕೊಪ್ಪದ ಠಾಣೆ ಮೆಟ್ಟಿಲು ಹತ್ತುತ್ತೇನೆ’ ಎಂದೆ. ತಂಗಿ ಠಾಣೆಗೆ ಹೋದಳು ಎಂಬ ಮಾತು ಮೇಗುಂದದಲ್ಲಿ ಹಬ್ಬುವುದನ್ನು ನೆನೆಸಿಯೇ ಅವನು ಬೆವರಿದ. ನನಗೆ ರಿಪೇರಿಯೂ ಬೇಡವಾಗಿತ್ತು, ಗುಜರಿಯೂ ಬೇಡವಾಗಿತ್ತು. ಅದು ಅಲ್ಲೇ ಕೊಳೆಯಲಿ, ಅವನು ಅದರ ಮುಂದೆ ಕೈಕಟ್ಟಿ ಕಾಯಲಿ. ಅಷ್ಟೇ ನನಗೆ ಬೇಕಾದದ್ದು.

ಹೋಮ್‌ಸ್ಟೇ ಶುರು ಮಾಡುವ ದಿನ ಗೊತ್ತಾಯಿತು, ಎರಡು ತಿಂಗಳು ಬಿಟ್ಟು ಒಂದು ಭಾನುವಾರ. ಹುಬ್ಬಳ್ಳಿ ಕಡೆಯ ಒಂದು ಟೆಂಪೋ ಟ್ರಾವೆಲರ್ ತುಂಬ ಗೆಸ್ಟು ಬುಕ್ ಆಗಿದ್ದರು. ಅಣ್ಣ ಜಗಲಿಯಲ್ಲಿ ಕೂತು, ಕಾಫಿ ಲೋಟ ಕೆಳಗಿಟ್ಟು, ಮೆತ್ತಗಿನ ದನಿಯಲ್ಲಿ ಕೇಳಿದ.

‘ರಿಪೇರಿಯೋ, ಗುಜರಿಯೋ, ಎಂತಾದ್ರೂ ಒಂದು ಹೇಳಿಬಿಡು ವೆಂಕೂ. ಹೀಗೆ ತೂಗು ಹಾಕಬೇಡ. ಹೌದು ಅಲ್ಲ ಹೇಳದೆ ಕಾಯಿಸದು ಎಷ್ಟು ಕಷ್ಟ ಅಂತ ಗೊತ್ತುಂಟಾ ನಿಂಗೆ?’

ಇಷ್ಟು ದಿನ ನಾನು ಕಾದದ್ದು ಈ ಮಾತಿಗೇ.

‘ನಂಗೆ ಗೊತ್ತುಂಟು ಅಣ್ಣ. ಯಜ್ಞೇಶನಿಗೂ ಗೊತ್ತಿತ್ತು.’

‘ಯಾವ ಯಜ್ಞೇಶ?’

‘ಎನ್.ಆರ್.ಪುರದ ಯಜ್ಞೇಶ.’

ಅಣ್ಣ ಹಣೆ ಗಂಟು ಹಾಕಿ ಯೋಚಿಸಿದ. ‘ಪಂಪ್‌ಸೆಟ್ ರಿಪೇರಿಗೆ ಬರ್ತಿದ್ದನಲ್ಲ, ಅವನಾ? ಅವನಿಗೂ ಈ ಗಾಡಿಗೂ ಎಂತ ಸಂಬಂಧ ಮಾರಾಯ್ತಿ?’

ಅವನು ನಟಿಸುತ್ತಿರಲಿಲ್ಲ. ಅಣ್ಣನಿಗೆ ನಟನೆ ಬರುವುದಿಲ್ಲ. ನಿಜವಾಗಿಯೂ ಮರೆತಿದ್ದ. ನಾನು ಪ್ರತಿದಿನ ಹೊತ್ತು ಸಾಕಿದ ಕೆಂಡ ಅವನಿಗೆ ಬೂದಿಯಾಗಿಯೂ ನೆನಪಿರಲಿಲ್ಲ. ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಇಷ್ಟು ದಿನ ನನ್ನ ‘ನೋಡುವ’ ಅವನಿಗೆ ಸೊಳ್ಳೆ ಕಚ್ಚಿದಷ್ಟೇ ಆಗಿತ್ತು, ಯಾಕೆ ಕಚ್ಚಿತು ಎಂದೂ ತಿಳಿದಿರಲಿಲ್ಲ. ಮನಸ್ಸಿನಲ್ಲಿ ಮರೆತವನಿಗೆ ಹೊಟ್ಟೆಯಲ್ಲಿ ನೆನಪಾಗಬೇಕು. ಅವನಿಗೆ ನಾನು ಇರುವುದು ಗೊತ್ತಾಗುವ ಜಾಗ ಅಡುಗೆಮನೆ ಒಂದೇ. ಹಾಗಿದ್ದರೆ ಅಲ್ಲಿಂದಲೇ ಹೋಗಬೇಕು, ಅವನಿಗೆ ನಾನು ಬೇಕೇ ಬೇಕಾದ ದಿನವೇ ಹೋಗಬೇಕು, ಅವನು ಗುಜರಿ ಅಂದ ಗಾಡಿಯಲ್ಲೇ ಹೋಗಬೇಕು.

ಮರುದಿನ ಮುಖ ತೊಳೆದು, ಬೊಟ್ಟು ಇಟ್ಟು, ಅಣ್ಣನ ಮುಂದೆ ನಿಂತೆ.

‘ಅಪ್ಪ ತಂದ ಗಾಡಿಯನ್ನ ಅಂಗಳದಲ್ಲಿ ತುಂಡು ಮಾಡಿದ್ರೆ ಶುಭವಲ್ಲ. ರಿಪೇರಿ ಮಾಡಿಸ್ತೇನೆ. ಹಪ್ಪಳದ ದುಡ್ಡು ಉಂಟು ನನ್ನ ಹತ್ರ.’

ಅಣ್ಣನ ಮುಖ ಊರಗಲವಾಯಿತು. ‘ಅದೇ ನಾನೂ ಹೇಳದು! ಕೆಳಗೆ ರಸ್ತೆ ಬದಿ ನಿಲ್ಲಿಸುವ. ಹಳೇ ಗಾಡಿ ಅಂದ್ರೆ ಗೆಸ್ಟುಗಳಿಗೆ ಫೋಟೋಕ್ಕೆ ಆಗ್ತದೆ.’ ಅಪ್ಪ, ಶುಭ, ಫೋಟೋ. ಎಲ್ಲ ಅವನ ಕಿವಿಗೆ ಹಿತವಾದ ಮಾತುಗಳು. ನಾನೂ ಹೂಂ ಎಂದೆ. ಕಿವಿಯ ಮೇಲೆ ಹೂ ಇಡಲು ಅಣ್ಣನಷ್ಟು ಹದವಾದ ಕಿವಿ ಇನ್ನೊಂದಿಲ್ಲ.

ಕೊಪ್ಪದ ಹತ್ತಿರ ಬಾಳಗಡಿಯಲ್ಲಿ ಕಲ್ಲೇಶ್ ಎಂಬವನ ಗ್ಯಾರೇಜು. ಅವನು ಬಂದು ಬಾನೆಟ್ ಎತ್ತಿ, ನನ್ನ ಹಪ್ಪಳದ ಚೂರುಗಳನ್ನು ಊದಿ, ಒಳಗೆ ಕಣ್ಣು ಹಾಕಿ, ‘ವೆಂಕಮ್ಮನೋರೇ, ಇದನ್ನ ಗುಜರಿಗೆ ಹಾಕಿ ನನಗೊಂದು ಕಾಫಿ ಕೊಡಿ. ಎಲ್ಲರಿಗೂ ಸುಖ,’ ಎಂದ.

‘ಓಡ್ತದೋ ಇಲ್ವೋ ಅಷ್ಟು ಹೇಳು.’

‘ಓಡ್ತದೆ. ಓಡಿಸೋದಕ್ಕೆ ನಾನು ಸಾಯ್ತೇನೆ.’

‘ಸತ್ರೆ ಹನ್ನೆರಡನೇ ದಿನಕ್ಕೆ ವಡೆ ನಾನೇ ಮಾಡ್ತೇನೆ. ಶುರು ಮಾಡು.’

ಕಲ್ಲೇಶ್ ದಿನಕ್ಕೊಂದು ನೆಪ ಹೇಳುತ್ತಿದ್ದ. ಕಾರ್ಬುರೇಟರ್ ಹಿಡಿದುಕೊಂಡಿದೆ, ಬ್ರೇಕ್ ಜಾಮ್ ಆಗಿದೆ, ವೈರನ್ನು ಇಲಿ ತಿಂದಿದೆ, ಪಾರ್ಟು ಶಿವಮೊಗ್ಗದಿಂದ ಬರಬೇಕು, ಬಸ್ಸಿನವನು ತರಲಿಲ್ಲ. ಅವನು ತಡ ಮಾಡಿದಷ್ಟೂ ಅಣ್ಣನೇ ಅವನ ಬೆನ್ನು ಹತ್ತಿದ. ‘ಬೇಗ ಮಾಡು ಮಾರಾಯ, ಗಾಡಿ ಇಲ್ಲಿಂದ ಹೋಗಬೇಕು’ ಎಂದು ದಿನಾ ಎರಡು ಹೊತ್ತು ಫೋನು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಹೋಗಲಿ ಅಣ್ಣ, ಬೇಗ ಹೋಗಲಿ, ನಿನ್ನ ಬಾಯಿಯ ಹರಕೆಯಿಂದಲೇ ಹೋಗಲಿ.

ಆ ದಿನಗಳಲ್ಲಿ ನನಗೆ ಹಲ್ಲುನೋವು ಬಂತು. ಹಾಗಂತ ಮನೆಯಲ್ಲಿ ಹೇಳಿದೆ. ಕೊಪ್ಪದ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಬೆಳಗಿನ ಬಸ್ಸು ಹತ್ತಿ, ನಯನ ಎಂಬ ಹುಡುಗಿಯ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಿದ್ದೆ. ಮೊದಲ ದಿನ ಕ್ಲಚ್ಚು ಬಿಟ್ಟ ರಭಸಕ್ಕೆ ಗಾಡಿ ಕಪ್ಪೆಯ ಹಾಗೆ ಹಾರಿತು. ನಯನ ಬೈಯಲಿಲ್ಲ. ‘ವೆಂಕಕ್ಕ, ಹಾಲು ಉಕ್ಕುವಾಗ ಗ್ಯಾಸ್ ಹೇಗೆ ಸಣ್ಣ ಮಾಡ್ತೀರಿ? ಫಕ್ಕನೆ ಆರಿಸ್ತೀರಾ? ಇಲ್ವಲ್ಲ. ಹಾಗೇ ಬಿಡಿ,’ ಎಂದಳು. ಅಷ್ಟೇ, ಕಾಲಿಗೆ ಬುದ್ಧಿ ಬಂತು. ಹಿಂಬದಿಯ ಕನ್ನಡಿ ನೋಡುವುದು ಕಲಿತೆ, ಇಳಿಜಾರಿನಲ್ಲಿ ತಳ್ಳಿಸಿ ಸೆಕೆಂಡ್ ಗೇರಿನಲ್ಲಿ ಸ್ಟಾರ್ಟ್ ಮಾಡುವುದನ್ನೂ ಕೇಳಿ ಕಲಿತೆ. ಲೈಸೆನ್ಸೂ ಕೈಗೆ ಬಂತು. ಮನೆಯಲ್ಲಿ ಅತ್ತಿಗೆ, ‘ಎಂತ ಮಾರಾಯ್ತಿ, ಬಾಯಲ್ಲಿ ಇರುವುದು ಎಷ್ಟು ಹಲ್ಲು, ಮುಗಿಯುವುದೇ ಇಲ್ಲ?’ ಎಂದು ಕೇಳುತ್ತಿದ್ದಳು. ‘ಬೇರು ಆಳಕ್ಕೆ ಹೋಗಿದೆ ಅತ್ತಿಗೆ’ ಎನ್ನುತ್ತಿದ್ದೆ.

ಹೋಗುವುದು ಸರಿ, ಎಲ್ಲಿಗೆ? ಕಲ್ಲೇಶನ ಗ್ಯಾರೇಜಿನ ಪಕ್ಕ ಶೇಷಮ್ಮ ಎಂಬ ಹೆಂಗಸಿನ ಹಳೆಯ ಹೋಟೆಲು ಬಾಗಿಲು ಹಾಕಿ ಬಿದ್ದಿತ್ತು. ಕಾಲೇಜಿನ ಹುಡುಗ ಹುಡುಗಿಯರು ಮಧ್ಯಾಹ್ನ ಬನ್ನು ತಿಂದು ದಿನ ದೂಡುತ್ತಿದ್ದರು. ಊಟದ ಮನೆ ಮತ್ತೆ ಶುರು ಮಾಡಲು ಶೇಷಮ್ಮ ಕೈರುಚಿ ಇರುವವಳನ್ನು ಹುಡುಕುತ್ತಿದ್ದರು. ಹಿಂಬದಿ ಒಂದು ಕೋಣೆ, ಬಾವಿ, ಒಳ್ಳೆಯ ಒಲೆ ಎಲ್ಲ ಇತ್ತು. ಆಕೆ ಒಗಟು ಮಾತಿನವರಲ್ಲ. ನನ್ನ ಹಪ್ಪಳ ಮುರಿದು ಬಾಯಿಗಿಟ್ಟು, ‘ಬರ್ತೀರೋ ಇಲ್ವೋ? ಹೌದಾದ್ರೆ ಹೌದು ಅನ್ನಿ,’ ಎಂದರು.

‘ಬರ್ತೇನೆ,’ ಎಂದೆ. ಒಂದೇ ಮಾತು. ಬಾಯಿಂದ ಬಂದ ಮೇಲೆ ನನಗೇ ಬೆರಗಾಯಿತು. ಇಷ್ಟು ಸುಲಭದ ಮಾತನ್ನು ಹೇಳಲಾರದೆ ಒಬ್ಬ ಮನುಷ್ಯ ನನ್ನ ಬದುಕನ್ನೇ ತೂಗು ಹಾಕಿದನಲ್ಲ!

ಆ ಭಾನುವಾರ ಬಂತು. ಬಾಗಿಲಿಗೆ ಮಾವಿನ ತೋರಣ, ಧರೆಯ ಮೇಲೆ ನನ್ನ ಹೆಸರಿನ ಬೋರ್ಡು. ಅತ್ತಿಗೆ ರೇಷ್ಮೆ ಸೀರೆಯುಟ್ಟು ರಂಗೋಲಿ ಹಾಕುತ್ತಿದ್ದಳು. ಅಣ್ಣ ಗಳಿಗೆಗೊಮ್ಮೆ ಅಡುಗೆಮನೆಗೆ ಇಣುಕಿ, ಒಲೆಯ ಮೇಲೆ ಕಡುಬಿನ ಹಂಡೆ ಬುಸುಬುಸು ಹಬೆ ಬಿಡುವುದನ್ನು ನೋಡಿ ಸಮಾಧಾನದಿಂದ ಹೋಗುತ್ತಿದ್ದ. ಕೊಟ್ಟೆ ಕಡುಬು, ಅಪ್ಪೆಹುಳಿ, ಹಾಲುಬಾಯಿ ಎಂದು ಗೆಸ್ಟುಗಳಿಗೆ ಫೋನಿನಲ್ಲಿ ವಾರದಿಂದ ಹೇಳಿ ಹೇಳಿ ಅವರ ಬಾಯಲ್ಲಿ ನೀರೂರಿಸಿದ್ದ. ಹಂಡೆಯಲ್ಲಿ ಇದ್ದದ್ದು ಬರೇ ನೀರು. ಅದನ್ನು ನಾನು ಬೆಳಗಿನಿಂದ ಕುದಿಸುತ್ತಿದ್ದೆ. ಗೆಸ್ಟುಗಳು ನನಗೇನು ಕೆಟ್ಟದ್ದು ಮಾಡಿಲ್ಲ, ನಿಜ. ಕೊಪ್ಪದಲ್ಲಿ ಹೋಟೆಲಿಗೆ ಬರಗಾಲವೂ ಇಲ್ಲ.

ನನ್ನ ಟ್ರಂಕು, ಮೆಟ್ಟುಗತ್ತಿ, ಹಾಲುಬಾಯಿಯ ಬಾಣಲೆ, ಅಜ್ಜಿಯ ಸಣ್ಣ ಒರಳು ಎಲ್ಲ ಹಿಂದಿನ ಸೀಟಿನಲ್ಲಿ ಹಳೆಯ ಜಮಖಾನದ ಕೆಳಗಿದ್ದವು. ನಾನು ಇಷ್ಟು ಕಾಲ ಬುತ್ತಿಚೀಲ ಹಿಡಿದು ಕೂತ ಜಾಗದಲ್ಲಿ.

ಕೆಳಗೆ ರಸ್ತೆಯಲ್ಲಿ ಟೆಂಪೋ ಹಾರ್ನ್ ಹೊಡೆಯಿತು. ಗೆಸ್ಟುಗಳಲ್ಲಿ ಕೆಲವರು ಇಳಿದು ಓಣಿ ಹತ್ತಿ ಬಂದು ಮೊಬೈಲು ಹಿಡಿದು ನಿಂತರು. ಅಣ್ಣ ಮಾರುತಿಯ ಮುಂದೆ ಕಾಯಿ ಒಡೆದ. ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟ. ‘ಕಲ್ಲೇಶ, ಹತ್ತು, ಕೆಳಗೆ ಇಳಿಸು’ ಎಂದು ತಿರುಗಿ ನೋಡುತ್ತಾನೆ, ಸ್ಟೇರಿಂಗಿನ ಹಿಂದೆ ನಾನು ಕೂತಿದ್ದೇನೆ.

‘ಏ, ಏ! ಎಂತ ಮಾಡ್ತಿದ್ದಿ ಕೂಸೇ? ಇಳಿ!’

‘ನನ್ನ ಹೆಸರಿನ ಗಾಡಿ. ನಾನೇ ಇಳಿಸ್ತೇನೆ.’

‘ವೆಂಕತ್ತೆ ಡ್ರೈವಿಂಗ್!’ ಎಂದು ಒಬ್ಬ ಹುಡುಗಿ ಚಪ್ಪಾಳೆ ತಟ್ಟಿದಳು. ಎಲ್ಲರೂ ವಿಡಿಯೋ ಮಾಡತೊಡಗಿದರು. ಅಣ್ಣನಿಗೆ ಬಯ್ಯುವ ಹಾಗಿರಲಿಲ್ಲ, ಹಲ್ಲು ಕಿರಿದ. ನಾನು ಕೀ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದೆ. ಟಕ್. ಈ ದಿನ ಹೋಗದಿದ್ದರೆ ನಾನು ಎಂದೂ ಹೋಗುವವಳಲ್ಲ ಎಂದು ನನಗೆ ಗೊತ್ತಿತ್ತು. ಒಳಗೆ ನೀರು ಕುದಿಯುತ್ತಿದೆ, ಇನ್ನು ಅರ್ಧ ಗಂಟೆಯಲ್ಲಿ ಯಾರಾದರೂ ಮುಚ್ಚಳ ತೆಗೆಯುತ್ತಾರೆ. ಆಮೇಲೆ ಮತ್ತೆ ಅದೇ ಒಲೆ, ಅದೇ ಕೂಸು.

‘ಬ್ಯಾಟ್ರಿ ಕೈ ಕೊಡ್ತು ವೆಂಕಮ್ಮನೋರೇ,’ ಎಂದ ಕಲ್ಲೇಶ್, ತಾನೇ ಹಾಕಿದ ಬ್ಯಾಟರಿಯ ಬಗ್ಗೆ ಯಾರೋ ಹಾಕಿದ್ದೆಂಬಂತೆ. ‘ತಳ್ಳಬೇಕು.’

‘ಅಣ್ಣ, ತಳ್ಳು,’ ಎಂದೆ.

ಟೆಂಪೋ ಮತ್ತೆ ಹಾರ್ನ್ ಹೊಡೆಯಿತು. ಅಣ್ಣ ಪಂಚೆ ಎತ್ತಿ ಕಟ್ಟಿದ. ಕಲ್ಲೇಶನೂ ಅವನೂ ಡಿಕ್ಕಿಗೆ ಕೈ ಕೊಟ್ಟರು. ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಿ ಇಳಿಯಿತು. ಕನ್ನಡಿಯಲ್ಲಿ ಅಣ್ಣನ ಮುಖ ಕಂಡಿತು, ಕೆಂಪಾಗಿ, ಬೆವರಿ, ಹಲ್ಲು ಕಚ್ಚಿ ದಬ್ಬುತ್ತಿದ್ದ. ನನ್ನನ್ನು ಆ ಮನೆಯೊಳಗೆ ಕೂಡಿಹಾಕಿದ ಎರಡು ಕೈಗಳೇ ನನ್ನನ್ನು ಹೊರಗೆ ನೂಕುತ್ತಿದ್ದವು.

‘ಜೋರಾಗಿ ತಳ್ಳು ಅಣ್ಣ! ಇನ್ನೂ ಜೋರಾಗಿ!’

ಇಳಿಜಾರು ಸಿಕ್ಕಿತು. ಸೆಕೆಂಡ್ ಗೇರ್. ಹಾಲು ಉಕ್ಕುವಾಗ ಗ್ಯಾಸ್ ಸಣ್ಣ ಮಾಡಿದ ಹಾಗೆ ಕ್ಲಚ್ಚು ಬಿಟ್ಟೆ. ಮಾರುತಿ ಒಮ್ಮೆ ಮೈ ಕೊಡವಿ, ಅಣ್ಣನ ಬಿಳಿ ಅಂಗಿಯ ಮೇಲೆಲ್ಲ ಕಪ್ಪು ಹೊಗೆ ಉಗುಳಿ, ಗುರ್ ಎಂದು ಎದ್ದಿತು. ಮೇಲೆ ಚಪ್ಪಾಳೆ. ಧರೆಗೂ ತಾಗಿಸಲಿಲ್ಲ, ಚರಂಡಿಗೂ ಇಳಿಸಲಿಲ್ಲ. ರಸ್ತೆಗೆ ಇಳಿದು, ಕೊಪ್ಪದ ಕಡೆ ಮುಖ ಮಾಡಿ, ಬದಿಗೆ ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ. ಟೆಂಪೋ ಗೆಸ್ಟುಗಳನ್ನು ಹೊತ್ತು ಓಣಿ ಹತ್ತಿ ಅಂಗಳಕ್ಕೆ ಹೋಯಿತು.

ಅಣ್ಣ ಏದುಸಿರು ಬಿಡುತ್ತಾ ಓಡಿ ಬಂದ. ಮುಖದ ತುಂಬ ಸಂತೋಷ, ಕೈಯಲ್ಲಿ ಒಡೆದ ಕಾಯಿಯ ಕಡಿ.

‘ಭೇಷ್ ಕೂಸೇ! ಇಲ್ಲೇ ಇರಲಿ ಗಾಡಿ. ತಗೊ, ಗಾಡಿಗೆ ಒಡೆದ ಕಾಯಿ, ಓನರಿಗೆ ಸೇರಬೇಕು. ಬೇಗ ಬಾ, ಎಲ್ಲ ಹಸಿದು ಬಂದಿದ್ದಾರೆ, ಕಡುಬು ಬಡಿಸುವ.’

ಕಡಿಯನ್ನು ಕಿಟಕಿಯಿಂದ ನನ್ನ ಕೈಯಲ್ಲಿಟ್ಟ. ಒಂದು ಕ್ಷಣ ನೋಡಿದೆ. ಅದೇ ಕೈ, ಅದೇ ಕಾಯಿ. ವಾಪಸ್ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

‘ನೀನೇ ಇಟ್ಕೊ ಅಣ್ಣ. ನಾಳೆ ಚಟ್ನಿಗೆ ಆಗ್ತದೆ.’

‘ಚಟ್ನಿಗಾ?’ ಅಣ್ಣ ಪೆಚ್ಚಾಗಿ ನಕ್ಕ. ‘ಯಾರು ಅರೆಯದು?’

ಕೇಳಿದ ಮೇಲೆ ಅವನ ಕಣ್ಣು ಹಿಂದಿನ ಸೀಟಿಗೆ ಹೋಯಿತು. ತಳ್ಳಿದ ರಭಸಕ್ಕೆ ಜಮಖಾನ ಜಾರಿತ್ತು. ಟ್ರಂಕು, ಬಾಣಲೆ, ಅಜ್ಜಿಯ ಒರಳು. ನಗು ಅರ್ಧದಲ್ಲೇ ನಿಂತಿತು. ಮೇಲಿನಿಂದ ಅತ್ತಿಗೆಯ ಕೂಗು ಕೇಳಿಸಿತು: ‘ಹೋಯ್, ಹಂಡೆಯಲ್ಲಿ ಬರೇ ನೀರು ಉಂಟು! ವೆಂಕಮ್ಮ ಎಲ್ಲಿ?’

ಅಣ್ಣ ಒಮ್ಮೆ ಮನೆಯ ಕಡೆ ನೋಡಿದ, ಒಮ್ಮೆ ಕೈಯಲ್ಲಿದ್ದ ಕಾಯನ್ನು ನೋಡಿದ. ಇನ್ನೊಂದು ಕೈಯಿಂದ ಕಿಟಕಿ ಹಿಡಿದುಕೊಂಡ. ಆ ಮುಖದಲ್ಲಿ ಯಜ್ಞೇಶನ ನೆನಪು ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ. ಈಗ ಅದು ನನಗೆ ಬೇಕಾಗಿಯೂ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಮಾಡದೆ ಇಟ್ಟದ್ದನ್ನೂ ಉಣ್ಣು.

‘ವೆಂಕಮ್ಮಾ,’ ಎಂದ. ಕೂಸು ಅನ್ನಲಿಲ್ಲ. ‘ಎಲ್ಲಿಗೆ ಹೊರಟೆ? ವಾಪಸ್ ಬರ್ತೀಯಲ್ಲ? ಹೌದೋ ಅಲ್ಲವೋ ಒಂದು ಹೇಳು ಮಾರಾಯ್ತಿ.’

ಫಸ್ಟ್ ಗೇರ್ ಹಾಕಿ, ಕನ್ನಡಿ ಸರಿಮಾಡಿಕೊಂಡೆ.

‘ನೋಡುವ,’ ಎಂದು ಕ್ಲಚ್ಚು ಬಿಟ್ಟೆ.